ವಿಳಾಸದ ಕಾಲಂ ಖಾಲಿ ಬಿಟ್ಟ ಹುಡುಗ

ಈ ಪ್ರಕರಣ ಬರೆಯೋದೋ ಬೇಡವೋ ಅಂತ ಸುಮಾರು ದಿನ ಯೋಚಿಸಿದೆ. ನಾನು ಕೌನ್ಸೆಲರ್, ಇಂಥದ್ದು ನನ್ನ ಮುಂದಿನ ಕುರ್ಚಿಗೆ ಪದೇ ಪದೇ ಬರುತ್ತಿದೆ, ಅದಕ್ಕೆ ಬರೆಯುತ್ತಿದ್ದೇನೆ. ಹಾಸನದ ಒಂದು ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಮಾಡುತ್ತಿದ್ದ ಹುಡುಗಿ ಗಂಡನ ಮನೆಯಲ್ಲಿ "ಆಫೀಸ್ ಕೆಲಸ" ಅಂತ ಹೇಳಿದ್ದಳು. ಓಟಿ ದುಡ್ಡು ಬಾಕಿ ಇದ್ದರೂ ಕೇಳಲಿಲ್ಲ, ಕೇಳಿದರೆ ಸುದ್ದಿ ಮನೆಗೆ ಹೋಗುತ್ತೆ ಅಂತ. ಹೀಗೆ ನಾಚಿಕೆಗೆ ಬಿದ್ದು ದುಡಿದ ದುಡ್ಡು ಬಿಟ್ಟವರನ್ನು ಎಷ್ಟು ಜನರನ್ನು ನೋಡಿದ್ದೇನೋ.

ಇವನನ್ನು ಶಿವು ಅಂತ ಕರೆಯೋಣ. ಹೆಸರು, ಊರು, ಒಂದಷ್ಟು ವಿವರ ಬದಲಿಸಿದ್ದೇನೆ, ತಾಯಿ ಮಗ ಇಬ್ಬರ ಒಪ್ಪಿಗೆಯೂ ಇದೆ. 26 ವರ್ಷ. ಚಿಕ್ಕಮಗಳೂರಿನ ಗಿರಿ ಕಡೆ ಒಂದು ಹೋಮ್‌ಸ್ಟೇಯಲ್ಲಿ ರಿಸೆಪ್ಷನ್ ನೋಡಿಕೊಳ್ಳುತ್ತಾನೆ. ನಿದ್ದೆ ಬರಲ್ಲ, ಎದೆ ಹೊಡ್ಕೊಳ್ಳುತ್ತೆ ಅಂತ ಬಂದಿದ್ದ. ಇಸಿಜಿ ಎಲ್ಲ ಸರಿಯಾಗಿತ್ತು.

ಎರಡನೇ ಸಲ ಬಂದಾಗ ವಿಷಯ ಹೊರಗೆ ಬಂತು. ಸಂಜೆ ಹೊತ್ತು ಗೆಸ್ಟ್‌ಗಳಿಗೆ ಕಾಫಿ ಕಥೆ ಹೇಳೋದು ಇವನ ಕೆಲಸ. 17ನೇ ಶತಮಾನದಲ್ಲಿ ಬಾಬಾ ಬುಡನ್ ಯೆಮೆನ್‌ನಿಂದ ಏಳು ಬೀಜ ಮುಚ್ಚಿಟ್ಟುಕೊಂಡು ತಂದರು ಅನ್ನೋ ಕಥೆ ಇದೆಯಲ್ಲ, ಅದು. ಜೊತೆಗೆ ಗಿಡದ ಹತ್ತಿರ ಕರ್ಕೊಂಡು ಹೋಗಿ ಹಣ್ಣು ಕೊಯ್ಯೋದು ತೋರಿಸಬೇಕು. ಇವನ ಎರಡೂ ಕೈ ಎಷ್ಟು ಬೇಗ ಓಡುತ್ತವೆ ಅಂದರೆ, ಒಂದು ದಿನ ಬೆಂಗಳೂರಿನ ಗೆಸ್ಟ್ ಒಬ್ಬರು "ನಿಮ್ಮದೂ ತೋಟ ಇದೆಯಾ?" ಅಂತ ಕೇಳಿದರು. "ಹ್ಞೂಂ, ಸ್ವಲ್ಪ ಇದೆ" ಅಂದುಬಿಟ್ಟ. ಪಕ್ಕದಲ್ಲೇ ಮ್ಯಾನೇಜರ್ ನಿಂತಿದ್ದರು. ಅಲ್ಲಿಂದ ಮೂರು ವರ್ಷ ಆ ತೋಟವನ್ನು ಬಾಯಲ್ಲೇ ಸಾಕಿದ. ಮಳೆ ಜಾಸ್ತಿಯಾದ ವರ್ಷ "ನಮ್ಮಲ್ಲೂ ಕಾಯಿ ಉದುರಿತು" ಅಂತ ಬೇಜಾರೂ ಮಾಡಿಕೊಂಡನಂತೆ.

ಹಣ್ಣು ಕೊಯ್ಯೋದು ಅವನಿಗೆ ಬಂದಿದ್ದು ಅವ್ವನಿಂದ. ಅವ್ವ 29 ವರ್ಷ ಒಂದೇ ಎಸ್ಟೇಟಿನಲ್ಲಿ ಕೂಲಿ. ಇವನು ಹುಟ್ಟಿ ಬೆಳೆದದ್ದು ಲೈನ್ ಮನೆಯಲ್ಲಿ, ಅಂದರೆ ಎಸ್ಟೇಟಿನವರು ಕೂಲಿಯವರಿಗೆ ಕೊಡುವ ಸಾಲು ಮನೆಯಲ್ಲಿ.

ಹೊರಗಿನವರಿಗೆ ಇದರಲ್ಲಿ ಮುಚ್ಚಿಡೋಕೆ ಏನಿದೆ ಅನ್ನಿಸಬಹುದು. ನಮ್ಮ ಕಡೆ ಯಾರೂ ಮುಖಕ್ಕೆ ಜಾತಿ ಕೇಳಲ್ಲ. "ಯಾವೂರು? ಯಾರ ಮನೆ ಕಡೆಯವರು?" ಅಂತ ಕಾಫಿ ಲೋಟ ಕೈಗೆ ಕೊಡುತ್ತಾ ಕೇಳುತ್ತಾರೆ. ಲೈನ್ ಅಂತ ಹೇಳಿದರೆ ಮುಂದಿನ ಪ್ರಶ್ನೆಯೇ ಬೇಕಾಗಿಲ್ಲ, ಜಾತಿ ಇಂಥದ್ದೇ ಅಂತ ಅವರೇ ಅಂದಾಜು ಮಾಡಿಕೊಳ್ಳುತ್ತಾರೆ. ಮುಂದಿನ ಸಲ ಲೋಟ ಬೇರೆ ಬರಬಹುದು, ಬರದೇನೂ ಇರಬಹುದು. ಆ "ಬರಬಹುದು" ಅನ್ನೋದೇ ಇವನ ನಿದ್ದೆ ತಿಂದಿದ್ದು. ಇದನ್ನು ಕೀಳರಿಮೆ ಅಂತ ಬರೆದುಕೊಂಡು ಉಸಿರಾಟದ ವ್ಯಾಯಾಮ ಹೇಳಿ ಕಳಿಸೋಕೆ ನನಗಂತೂ ಆಗಲ್ಲ. ಅವನ ಭಯಕ್ಕೆ ಕಾರಣ ಇದೆ.

ಅದೇ ಹೊತ್ತಿಗೆ ಅವ್ವನ್ನ ವಯಸ್ಸಾಯ್ತು ಅಂತ ಕೆಲಸದಿಂದ ಬಿಡಿಸಿದ್ದರು. ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ "ಡೈಲಿ ಕೂಲಿಯವರಿಗೆ ಗ್ರ್ಯಾಚುಯಿಟಿ ಎಲ್ಲ ಬರಲ್ಲ" ಅಂದರಂತೆ. ಸುಳ್ಳು. ಗ್ರ್ಯಾಚುಯಿಟಿ ಅಂದರೆ ವರ್ಷಗಟ್ಟಲೆ ದುಡಿದವರಿಗೆ ಕೆಲಸ ಬಿಡುವಾಗ ಮಾಲೀಕರು ಕೊಡಬೇಕಾದ ಇಡಿಗಂಟು. 1972ರ ಗ್ರ್ಯಾಚುಯಿಟಿ ಕಾಯ್ದೆಯಲ್ಲಿ ತೋಟ ಅಂತ ಹೆಸರು ಹಿಡಿದೇ ಬರೆದಿತ್ತು. (ಈಗ ಅದು 2020ರ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿದೆ.) ದಿನಗೂಲಿ ಆದರೂ ಸರಿ, ವರ್ಷಕ್ಕೆ 240 ದಿನ ಹಾಜರಿ ಇದ್ದು ಐದು ವರ್ಷ ದುಡಿದಿದ್ದರೆ, ಒಂದೊಂದು ವರ್ಷಕ್ಕೂ 15 ದಿನದ ಕೂಲಿ ಬರಬೇಕು. ಲೆಕ್ಕಕ್ಕೆ ದಿನಕ್ಕೆ 400 ಅಂತ ಇಟ್ಟುಕೊಳ್ಳಿ. 29 ವರ್ಷಕ್ಕೆ 1,74,000 ರೂಪಾಯಿ.

ಈ ಲೆಕ್ಕ ಹಾಕಿ ತೋರಿಸಿದಾಗ ಶಿವು ಕಣ್ಣರಳಿಸಿದ. ಮುಂದಿನ ಭೇಟಿಗೆ ನಾನೇ ಅರ್ಜಿ ಫಾರಂ ತರಿಸಿಟ್ಟಿದ್ದೆ. ತಾಯಿಯ ಹೆಸರು ಬರೆದ. ಕೆಲಸಕ್ಕೆ ಸೇರಿದ ವರ್ಷ ಬರೆದ. ವಿಳಾಸದ ಕಾಲಂಗೆ ಬಂದಾಗ ಪೆನ್ನು ನಿಂತಿತು. ಕ್ಯಾಪ್ ಹಾಕಿದ, ತೆಗೆದ, ಮತ್ತೆ ಹಾಕಿದ. ಆಮೇಲೆ ಟೌನಿನಲ್ಲಿ ತಾನಿರುವ ಬಾಡಿಗೆ ರೂಮಿನ ವಿಳಾಸ ಬರೆಯೋಕೆ ಶುರು ಮಾಡಿದ.

"ಅವ್ವ ಇಲ್ಲಿ ಇರ್ತಾರಾ?" ಅಂತ ಕೇಳಿದೆ.

"ಇಲ್ಲ ಮೇಡಂ. ಆದ್ರೆ ಲೈನ್ ಅಂತ ಬರೆದ್ರೆ ನೋಟಿಸು ಹೋಗುತ್ತೆ, ನಾಲ್ಕು ಜನ ಮಾತಾಡ್ತಾರೆ. ಆ ಸಾಹುಕಾರ್ರಿಗೂ ನಮ್ಮ ಹೋಮ್‌ಸ್ಟೇ ಓನರ್‌ಗೂ ಪರಿಚಯ ಇದೆ. ಬೇಡ ಬಿಡಿ ಮೇಡಂ, ದುಡ್ಡು ಹೋದ್ರೆ ಹೋಗ್ಲಿ."

ನಾನು ಎಲ್ಲರ ಹತ್ತಿರವೂ "ನೀವು" ಅಂತಲೇ ಮಾತಾಡೋದು. ಅವತ್ತು ಬಾಯಿ ತಪ್ಪಿತು. "ಬಿಡೋಕೆ ಅದು ನಿನ್ನ ದುಡ್ಡೇನೋ?" ಅಂದುಬಿಟ್ಟೆ.

ಅವನು ಮಾತಾಡಲಿಲ್ಲ. ಫ್ಯಾನಿನ ಗಾಳಿಗೆ ಫಾರಂ ಹಾರೋದಕ್ಕೆ ನೋಡುತ್ತಿತ್ತು, ಅದನ್ನು ಒಂದು ಬೆರಳಲ್ಲಿ ಒತ್ತಿ ಹಿಡಿದುಕೊಂಡು ಕೂತ. ತುಂಬಾ ಹೊತ್ತಾದ ಮೇಲೆ "ಅವ್ವನೂ ಬೇಡ ಅಂದ್ಲು. ನಿನ್ನ ಕೆಲಸಕ್ಕೆ ತೊಂದ್ರೆ ಆಗೋದಾದ್ರೆ ನಂಗ್ಯಾಕೋ ಅಂದ್ಲು" ಅಂದ. ಹೇಳುತ್ತಾ ಹೇಳುತ್ತಾ ಅತ್ತ.

ಆ ರಾತ್ರಿ ನನಗೂ ನಿದ್ದೆ ಬರಲಿಲ್ಲ. ಈ ವಿಷಯ ಕೇಳಿದ ಸಹೋದ್ಯೋಗಿಯೊಬ್ಬರು "ನಾವು ಕೌನ್ಸೆಲರ್‌ಗಳು, ಯೂನಿಯನ್ ಲೀಡರ್‌ಗಳಲ್ಲ" ಅಂದರು. ಗದರಿದ್ದು ತಪ್ಪು, ಒಪ್ಪುತ್ತೇನೆ. ಮುಂದಿನ ಭೇಟಿಯಲ್ಲಿ ಅವನಲ್ಲಿ ಕ್ಷಮೆ ಕೇಳಿದೆ ಕೂಡ. ಆದರೆ ಫಾರಂ ತರಿಸಿಟ್ಟಿದ್ದು ತಪ್ಪಲ್ಲ. ಬರಬೇಕಾದ ದುಡ್ಡು ಸಿಗದೆ ಒದ್ದಾಡುತ್ತಿರುವ ಮನೆಯವನಿಗೆ ಮನಸ್ಸು ಗಟ್ಟಿ ಮಾಡಿಕೋ ಅಂತ ಮಾತ್ರ ಹೇಳಿ ಕಳಿಸೋದು ಯಾವ ಸೀಮೆ ಸಲಹೆ?

ನಾನು ಕೊಟ್ಟ ಸಲಹೆ ಇಷ್ಟೇ. ಅರ್ಜಿ ಅವ್ವನದು. ಹಾಕೋದು ಬಿಡೋದು ಅವರ ತೀರ್ಮಾನ, ಅದಕ್ಕೆ ಅವರನ್ನೇ ಕರ್ಕೊಂಡು ಬನ್ನಿ. ಕೆಲಸದ ಜಾಗದಲ್ಲಿ ನೀವು ಯಾರಿಗೂ ಏನೂ ಘೋಷಣೆ ಮಾಡಬೇಕಾಗಿಲ್ಲ. "ಯಾರ ಮನೆ ಕಡೆಯವರು" ಅಂದರೆ ಉತ್ತರ ಕೊಡಲೇಬೇಕು ಅಂತ ಎಲ್ಲೂ ಬರೆದಿಲ್ಲ. "ಧೈರ್ಯವಾಗಿ ಹೇಳಿಬಿಡಿ" ಅಂತ ನಾನು ಯಾಕೆ ಹೇಳಲಿಲ್ಲ ಅಂತ ಕೆಲವರು ಕೇಳಿದ್ದಾರೆ. ಹೇಳಿದ ಮೇಲೆ ಕೆಲಸ ಹೋದರೆ ಬಾಡಿಗೆ ಕಟ್ಟೋದು ನಾನಲ್ಲ, ಅದಕ್ಕೆ. ಆದರೆ ಆ ಇಲ್ಲದ ತೋಟಕ್ಕೆ ಇವತ್ತಿಂದ ಗೊಬ್ಬರ ಹಾಕೋದು ನಿಲ್ಲಿಸಿ ಅಂದೆ. ಹೊಸ ಸುಳ್ಳು ಬೇಡ, ಅಷ್ಟು ಸಾಕು.

ಅವ್ವ ಬಂದರು. ಕೊಯ್ಲಿನ ಕಾಲ. ಇನ್ನೊಂದು ತೋಟದಲ್ಲಿ ಕೆಜಿ ಲೆಕ್ಕಕ್ಕೆ ಹಣ್ಣು ಕೊಯ್ಯೋಕೆ ಹೋಗುತ್ತಿದ್ದರು, ಬೆರಳ ತುದಿಯೆಲ್ಲ ಅಂಟಿಗೆ ಕಪ್ಪಾಗಿತ್ತು. ಕುರ್ಚಿಯ ತುದಿಯಲ್ಲಿ ಕೂತರು. ಶಿವು ತಲೆ ತಗ್ಗಿಸಿಕೊಂಡೇ ಎಲ್ಲ ಹೇಳಿದ. ಮೂರು ವರ್ಷದಿಂದ ತೋಟ ಇದೆ ಅಂತ ಹೇಳ್ಕೊಂಡು ಬಂದಿದ್ದನ್ನೂ ಹೇಳಿದ. ನಾನು ಉಸಿರು ಬಿಗಿ ಹಿಡಿದಿದ್ದೆ.

ಅವ್ವ ಸ್ವಲ್ಪ ಹೊತ್ತು ಮಗನನ್ನೇ ನೋಡಿದರು. ಆಮೇಲೆ ಕೇಳಿದರು, "ಎಷ್ಟು ಎಕರೆ ಅಂತ ಹೇಳಿದೀಯ?"

"ಮೂರು."

"ಮೂರೇನಾ? ಹೇಳೋದು ಹೇಳ್ದೆ, ಒಂದು ಹತ್ತಾದ್ರೂ ಹೇಳ್ಬಾರದಿತ್ತಾ?"

ಸೆರಗು ಬಾಯಿಗೆ ಅಡ್ಡ ಹಿಡಿದು ನಗೋಕೆ ಶುರು ಮಾಡಿದರು. ಅವನೂ ನಕ್ಕ. ನನ್ನ ಇಷ್ಟು ವರ್ಷದ ಓದು, ತರಬೇತಿ ಮಾಡಲಾಗದ್ದನ್ನು ಆ ಹೆಂಗಸು ಒಂದು ಪ್ರಶ್ನೆಯಲ್ಲಿ ಮಾಡಿಬಿಟ್ಟರು. ನಗು ನಿಂತ ಮೇಲೆ ಫಾರಂ ಕಡೆ ಕೈ ತೋರಿಸಿ "ಲೈನ್ ಮನೆ ನಂಬರ್ ನಾಲ್ಕು ಅಂತ ಬರಿ. ಬಾಗಿಲ ಮೇಲೆ ಐದು ಅಂತಿದೆ, ಅದು ತಪ್ಪು" ಅಂದರು. ಬರೆದ. ಅವರು ಸಹಿ ಹಾಕಿದರು, ಹೆಬ್ಬೆಟ್ಟಲ್ಲ.

ಇಂಥ ಸ್ಥಿತಿಯಲ್ಲಿ ಇರುವವರಿಗೆ ಒಂದೆರಡು ಮಾತು. ಅರ್ಜಿ ಮೊದಲು ಮಾಲೀಕರಿಗೆ, ಸ್ಪೀಡ್ ಪೋಸ್ಟ್‌ನಲ್ಲೇ ಕಳಿಸಿ, ರಸೀದಿ ಇಟ್ಟುಕೊಳ್ಳಿ. ಅವರು ಕೊಡದಿದ್ದರೆ ಕಾರ್ಮಿಕ ಇಲಾಖೆಗೆ. ಹಾಜರಿ ಚೀಟಿ ಇಲ್ಲ ಅಂತ ಕೈ ಚೆಲ್ಲಬೇಡಿ, ಪಿಎಫ್ ಲೆಕ್ಕದಲ್ಲಿ ಸೇರಿದ ವರ್ಷ ಸಿಗುತ್ತೆ. ಹೆಂಗಸರಿಗೆ ಆದಾಯ ಎಷ್ಟೇ ಇರಲಿ ಕಾನೂನು ಸೇವಾ ಪ್ರಾಧಿಕಾರದಿಂದ ವಕೀಲರು ಪುಕ್ಕಟೆ, 15100ಕ್ಕೆ ಫೋನ್ ಮಾಡಿ. ಲೈನ್ ಮನೆ ಖಾಲಿ ಮಾಡಿ ಅಂದರೆ ಆ ವಕೀಲರನ್ನು ಕೇಳದೆ ಯಾವ ಕಾಗದಕ್ಕೂ ಸಹಿ ಹಾಕಬೇಡಿ. ತೋಟದ ಕೂಲಿಯವರಿಗೆ ಮನೆ ಕೊಡಬೇಕು ಅಂತ ಬಂದದ್ದು 1951ರ ಕಾಯ್ದೆ. ಒಳ್ಳೆಯದೇ, ಆದರೆ ಕೆಲಸಕ್ಕೆ ಗಂಟು ಹಾಕಿದ ಮನೆ ಅದು. ಅದಕ್ಕೇ ಎಷ್ಟೋ ಜನ ಬಾಯಿ ಬಿಡಲ್ಲ.

ದುಡ್ಡು ಇನ್ನೂ ಬಂದಿಲ್ಲ. ಕೇಸು ನಡೀತಿದೆ. ಶಿವು ಈಗಲೂ ಅದೇ ಹೋಮ್‌ಸ್ಟೇಯಲ್ಲಿದ್ದಾನೆ, ನಿದ್ದೆ ಪರವಾಗಿಲ್ಲವಂತೆ. ಯಾರಿಗೆ ಏನು ಹೇಳಿದ ಅಂತ ನಾನು ಕೇಳಿಲ್ಲ. ಮೊನ್ನೆ ಅವ್ವ ಫೋನ್ ಮಾಡಿದ್ದರು. "ಮೇಡಂ, ಆಫೀಸ್ನೋರು ಬುಧವಾರ ಬಾ ಅಂದಿದಾರೆ. ಹಣ್ಣು ಉದುರ್ತಾ ಇದೆ, ಒಂದಿನದ ಕೂಲಿ ಹೋಗುತ್ತಲ್ಲ. ಭಾನುವಾರ ಇಟ್ಕೊಳ್ಳೋಕೆ ಆಗಲ್ವಾ ಅವ್ರಿಗೆ?"