ಮೂರನೇ ಅಂಕದಲ್ಲಿ ಏನಾಯಿತು ಅಂತ ಬರೆಯಿರಿ

ನಮಸ್ಕಾರ. ಕಲಬುರಗಿಯ ಹವ್ಯಾಸಿ ತಂಡವೊಂದು ಆರ್ಥರ್ ಮಿಲ್ಲರ್ ಅವರ 'ದಿ ಕ್ರೂಸಿಬಲ್' ನಾಟಕವನ್ನು ಕನ್ನಡದಲ್ಲಿ ಆಡಿದ್ದರ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಈಗ ಇರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ಇದನ್ನು ನೀವು ಮತ್ತೆ ಬರೆಯಲೇಬೇಕು ಅಂತ ನನಗೆ ಆಸೆ.

ಮೊದಲು ಒಂದು ತಪ್ಪು. ನಾಟಕದ ಕಥೆ ನಡೆಯುವುದು ಅಮೆರಿಕದ ಸೇಲಂನಲ್ಲಿ, 1692ರಲ್ಲಿ ಅಲ್ಲಿ ಮಾಟಗಾತಿಯರನ್ನು ಜೀವಂತ ಸುಟ್ಟರು ಎಂದಿದ್ದೀರಿ. ಅಲ್ಲಿ ಯಾರನ್ನೂ ಸುಡಲಿಲ್ಲ. 19 ಜನರನ್ನು ಗಲ್ಲಿಗೇರಿಸಿದರು, ಅವರಲ್ಲಿ ಐವರು ಗಂಡಸರು. ಜೈಲ್ಸ್ ಕೋರಿ ಎಂಬ ಮುದುಕನನ್ನು ಮೈಮೇಲೆ ಕಲ್ಲು ಹೇರಿ ಕೊಂದರು. ನಾಟಕದಲ್ಲೂ ಇದು ಬರುತ್ತದೆ, ನೀವು ಕೇಳಿಸಿಕೊಂಡಿರಬೇಕಲ್ವಾ?

ನನ್ನ ದೊಡ್ಡ ತಕರಾರು ಬೇರೆ. 'ಆಗಿನ ಜನ ಓದಿದವರಲ್ಲ, ನಮ್ಮ ಭಾಗದ ಹಳ್ಳಿಗಳು ಇನ್ನೂ ಹಾಗೇ ಇವೆ' ಅಂತ ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟಿದ್ದೀರಿ. ಸೇಲಂನಲ್ಲಿ ಮಾಟದ ವಿಚಾರಣೆ ನಡೆಸಿದ ಕೋರ್ಟಿನ ಮುಖ್ಯ ನ್ಯಾಯಾಧೀಶ ವಿಲಿಯಂ ಸ್ಟೌಟನ್ ಹಾರ್ವರ್ಡ್‌ನಲ್ಲಿ ಓದಿದವರು. ಇಂಥವಳ ಆತ್ಮ ಬಂದು ನನ್ನನ್ನು ಚಿವುಟಿತು ಅಂತ ಹುಡುಗಿಯರು ಕಿರುಚಿದರೆ, ಅದನ್ನೇ ಸಾಕ್ಷಿ ಅಂತ ಒಪ್ಪಿದವರು ಇಂಥ ಓದಿದವರೇ. ತಪ್ಪು ಒಪ್ಪಿಕೊಂಡವರ ಜೀವ ಉಳಿಯಿತು, ನಾನು ಮಾಡಿಲ್ಲ ಅಂತ ಹಟ ಹಿಡಿದವರು ಗಲ್ಲಿಗೆ ಹೋದರು. ಮಿಲ್ಲರ್ ಇದನ್ನು 1953ರಲ್ಲಿ ರಂಗಕ್ಕೆ ತಂದಾಗ ಅವರ ದೇಶದಲ್ಲಿ ಕಮ್ಯುನಿಸ್ಟರ ಬೇಟೆ ನಡೆದಿತ್ತು. 1956ರಲ್ಲಿ ಅವರನ್ನೇ ಸಂಸತ್ತಿನ ಸಮಿತಿ ವಿಚಾರಣೆಗೆ ಕರೆಸಿತು. ಬೇರೆಯವರ ಹೆಸರು ಹೇಳಲು ಅವರು ಒಪ್ಪಲಿಲ್ಲ.

ಇನ್ನು ನಾಟಕದ ಪ್ರಯೋಗ. 'ಮೂರನೇ ಅಂಕ ಅದ್ಭುತವಾಗಿತ್ತು' ಅಂದರೆ ನನಗೆ ಏನು ಗೊತ್ತಾಗಬೇಕು? ನೀವು ಅಲ್ಲಿ ಕೂತು ನೋಡಿದ್ದೀರಿ, ನಾನು ನೋಡಿಲ್ಲ. ಮೂರ್ಛೆ ಹೋದದ್ದೆಲ್ಲ ಸುಳ್ಳು ನಾಟಕ ಅಂತ ಆ ಹುಡುಗಿಯರಲ್ಲೊಬ್ಬಳಾದ ಮೇರಿ ವಾರೆನ್ ಕೋರ್ಟಿನಲ್ಲಿ ಹೇಳುತ್ತಾಳೆ, ಹಾಗಾದರೆ ಈಗ ಇಲ್ಲೇ ಮೂರ್ಛೆ ಹೋಗು ಅನ್ನುತ್ತಾರೆ, ಅವಳಿಗೆ ಆಗುವುದೇ ಇಲ್ಲ. ಆ ಪಾತ್ರದ ಹುಡುಗಿ ಅದನ್ನು ಹೇಗೆ ಮಾಡಿದಳು? ಸುಮ್ನೆ ನಿಂತಳಾ, ಕಣ್ಣು ಮುಚ್ಚಿ ಪ್ರಯತ್ನಪಟ್ಟಳಾ? ಆಮೇಲೆ ಉಳಿದ ಹುಡುಗಿಯರು ಅವಳ ಒಂದೊಂದು ಮಾತನ್ನೂ ತಿರುಗಿ ಹೇಳಿ ಅವಳನ್ನು ಮುರಿಯುತ್ತಾರೆ. ಇದಕ್ಕೆ ಜಾಸ್ತಿ ಲೈಟು, ಸೆಟ್ಟು ಬೇಕಿಲ್ಲ. ಹವ್ಯಾಸಿಗಳು ಗೆಲ್ಲಬಹುದಾದ ಜಾಗ ಇದು, ಕೆಲಸ ಮುಗಿಸಿ ಸಂಜೆ ತಾಲೀಮಿಗೆ ಬರುವ ಆ ಮಕ್ಕಳ ಶ್ರಮವೆಲ್ಲ ಇಲ್ಲೇ ಕಾಣುತ್ತದೆ, ಅದನ್ನು ಬಿಟ್ಟು ಉದ್ಘಾಟನೆಗೆ ಬಂದ ಗಣ್ಯರಿಗೆ ಎರಡು ಪ್ಯಾರಾ ಕೊಟ್ಟಿದ್ದೀರಿ. ಅವೆರಡನ್ನೂ ತೆಗೆಯಿರಿ.

ಹಿಂದಿನ ಸಾಲಿನಲ್ಲಿ ಯಾರೋ 'ಇದು ನಮ್ಮ ಭಾನಾಮತಿ ಕಥೀನೇ' ಅಂದರು ಎಂದು ಬರೆದು ಮುಂದೆ ಹೋಗಿದ್ದೀರಿ. ಅಲ್ಲಿ ನಿಲ್ಲಿ. ಬೀದರ, ಯಾದಗಿರಿ, ಕಲಬುರಗಿಯ ಹಳ್ಳಿಗಳಲ್ಲಿ ಭಾನಾಮತಿ, ಅಂದರೆ ಮಾಟ, ಎಂಬ ಆ ಮಾತು ಒಬ್ಬರ ಮನೆಯ ಕಡೆ ಬೆರಳು ತೋರಿಸಿದರೆ ಆ ಮನೆಯವರ ಗತಿ ಏನಾಗುತ್ತದೆ ಅಂತ ನಿಮಗೆ ಗೊತ್ತು. 2017ರ ವಾಮಾಚಾರ ವಿರೋಧಿ ಕಾಯ್ದೆಯನ್ನು ನೆನೆದದ್ದು ಸರಿ. ಆದರೆ ಬೆರಳು ತೋರಿಸಿದವರಿಗೆ ಏನು ಸಿಕ್ಕಿತು ಅಂತ ಕೇಳಿ. ನಾಟಕದಲ್ಲಿ ಪುಟ್ನಮ್ ಎಂಬ ಜಮೀನುದಾರನ ಕಣ್ಣು ಪಕ್ಕದವರ ಹೊಲದ ಮೇಲಿದೆ. ಇಲ್ಲಿ ಯಾರ ಕಣ್ಣು ಯಾವುದರ ಮೇಲೆ?

ಬರೆಯುವ ಮೊದಲು ಮೇರಿ ಪಾತ್ರ ಮಾಡಿದವರನ್ನು ಒಮ್ಮೆ ಮಾತಾಡಿಸಿ. ಫೋಟೋ ಕಳಿಸುವುದಾದರೆ ದೀಪ ಬೆಳಗಿಸುವುದು ಬೇಡ, ಕೋರ್ಟಿನ ದೃಶ್ಯದ್ದು ಇದ್ದರೆ ಕಳಿಸಿ.