ಅಪ್ಪನಿಗೆ ವಾರಕ್ಕೆ ಮೂರೇ ದಿನ ಕೆಲಸ, ನಾನು ಕಾಲೇಜು ಬಿಡಲೇ?

ಪ್ರಶ್ನೆ: ಅಪ್ಪ ಪೀಣ್ಯದ ಬಿಡಿಭಾಗಗಳ ಕಾರ್ಖಾನೆಯಲ್ಲಿದ್ದಾರೆ. ಆರ್ಡರ್ ಇಲ್ಲದೆ ಮೊದಲು ಓಟಿ ನಿಂತಿತು, ಈಗ ವಾರಕ್ಕೆ ಮೂರೇ ದಿನ ಕೆಲಸ. ನಾನು ಮೂರನೇ ವರ್ಷದ ಬಿ.ಇ., ಫೀಸು ವರ್ಷಕ್ಕೆ 1.1 ಲಕ್ಷ. ತಮ್ಮ ಪಿಯುಸಿ. ಸಾಲವೆಂದರೆ ಅಪ್ಪ ಹೆದರುತ್ತಾರೆ. ಒಂದು ವರ್ಷ ಕಾಲೇಜು ಬಿಟ್ಟು ದುಡಿಯಲೇ?

ಉತ್ತರ: ಬೇಡಮ್ಮ. ಅನುಭವಸ್ಥರಿಗೇ ಕೆಲಸವಿಲ್ಲದ ಹೊತ್ತಿನಲ್ಲಿ ಅರ್ಧ ಓದಿದವರಿಗೆ ಸಿಗುವ ಸಂಬಳದಿಂದ ಮನೆಗೂ ಕೊಟ್ಟು ಲಕ್ಷ ಉಳಿಸುವುದು ಆಗದ ಮಾತು.

ಈ ವರ್ಷವೂ ಸೇರಿ ಉಳಿದ ಎರಡು ವರ್ಷಕ್ಕೆ ಬೇಕಿರುವುದು 2.2 ಲಕ್ಷ. ನಡು ಕೋರ್ಸಿನಲ್ಲೂ ಶಿಕ್ಷಣ ಸಾಲಕ್ಕೆ ಅರ್ಜಿ ಹಾಕಬಹುದು. ಬ್ಯಾಂಕುಗಳ ಮಾದರಿ ಯೋಜನೆಯಲ್ಲಿ 4 ಲಕ್ಷದವರೆಗೆ ಅಡಮಾನವೂ ಬೇಡ, ಕೈಯಿಂದ ಪಾಲು ಹಾಕುವುದೂ ಬೇಡ. ತಂದೆ ಅಥವಾ ತಾಯಿ ಜಂಟಿಯಾಗಿ ಸಹಿ ಹಾಕಬೇಕು. ಓದುವಾಗ ಮತ್ತು ಮುಗಿದ ಮೇಲೆ ಒಂದು ವರ್ಷ ಕಂತಿಲ್ಲ, ಸರಳ ಬಡ್ಡಿ ಮಾತ್ರ. ಶೇ 10 ಎಂದು ಹಿಡಿದರೆ ಅಷ್ಟರಲ್ಲಿ ಬಡ್ಡಿ ಸುಮಾರು 55 ಸಾವಿರ. ಏಳು ವರ್ಷದಲ್ಲಿ ತೀರಿಸಿದರೆ ತಿಂಗಳ ಕಂತು ಸುಮಾರು 4,600. ಈ ಲೆಕ್ಕವನ್ನು ಹಾಳೆಯಲ್ಲಿ ಬರೆದು ಅಪ್ಪನಿಗೆ ತೋರಿಸಿ. ಅವರ ಭಯ ಮೀಟರ್ ಬಡ್ಡಿಯದ್ದು ಇರಬೇಕು, ಇದು ಅದಲ್ಲ.

ಕುಟುಂಬದ ಆದಾಯ 4.5 ಲಕ್ಷದೊಳಗಿದ್ದು, ಕಾಲೇಜಿಗೆ ನ್ಯಾಕ್ ಅಥವಾ ಕೋರ್ಸಿಗೆ ಎನ್‌ಬಿಎ ಎಂಬ ಗುಣಮಟ್ಟದ ಮಾನ್ಯತೆ ಇದ್ದರೆ, ಕಂತಿಲ್ಲದ ಆ ಅವಧಿಯ ಬಡ್ಡಿಯನ್ನು ಕೇಂದ್ರ ಸರ್ಕಾರವೇ ಕಟ್ಟುವ ಯೋಜನೆಯಿದೆ. ಓದು ನಡುವೆ ಬಿಟ್ಟವರಿಗೆ ಅದು ಇಲ್ಲ.

ಎಡವಟ್ಟಾಗುವುದು ಆದಾಯ ಪ್ರಮಾಣಪತ್ರದಲ್ಲಿ. ಮನೆಯಲ್ಲಿರುವುದು ಓಟಿ ಇದ್ದ ಕಾಲದ್ದಾದರೆ ಅದರಲ್ಲಿ ಹಳೆಯ ಆದಾಯವೇ ಇರುತ್ತದೆ. ಇತ್ತೀಚಿನ ಮೂರು ತಿಂಗಳ ಪೇಸ್ಲಿಪ್, ಕೆಲಸದ ದಿನ ಕಡಿತವಾಗಿದೆ ಎಂಬ ಕಾರ್ಖಾನೆಯ ಪತ್ರ ಹಿಡಿದು ನಾಡಕಚೇರಿಯಲ್ಲಿ ಹೊಸದಕ್ಕೆ ಅರ್ಜಿ ಕೊಡಿ. ರಾಜ್ಯ ಸರ್ಕಾರದ ಎಸ್‌ಎಸ್‌ಪಿ ಪೋರ್ಟಲ್‌ನ ವಿದ್ಯಾರ್ಥಿವೇತನಕ್ಕೆ ನೀವು ಅರ್ಹರಾದರೆ ಅಲ್ಲೂ ಇದೇ ಬೇಕು. ಆ ಹಣ ಆಧಾರ್ ಜೋಡಿಸಿದ ಖಾತೆಗೇ ಬರುವುದರಿಂದ ಬ್ಯಾಂಕಿನಲ್ಲಿ ಜೋಡಣೆ ಆಗಿದೆಯೇ ಎಂದು ಮೊದಲೇ ಕೇಳಿ.

ಕಾಲೇಜಿನಿಂದ ವ್ಯಾಸಂಗ ಪ್ರಮಾಣಪತ್ರ ಮತ್ತು ಉಳಿದ ಎರಡೂ ವರ್ಷದ ಫೀಸಿನ ವಿವರವನ್ನು ಲೆಟರ್‌ಹೆಡ್‌ನಲ್ಲಿ ಪಡೆಯಿರಿ. ಒಂದೇ ವರ್ಷದ್ದು ತಂದರೆ ಮುಂದಿನ ವರ್ಷ ಮತ್ತೆ ಇದೇ ಅಲೆದಾಟ. ಸಾಲ ಮಂಜೂರಾಗಲು ವಾರಗಳು ಹಿಡಿಯುತ್ತವೆ. ಅಲ್ಲಿಯವರೆಗೆ ಕಂತಿನಲ್ಲಿ ಕಟ್ಟಲು ಅವಕಾಶ ಕೋರಿ, ಬ್ಯಾಂಕಿನ ಸ್ವೀಕೃತಿ ಲಗತ್ತಿಸಿ ಪ್ರಾಂಶುಪಾಲರಿಗೆ ಬರೆದು ಕೊಡಿ. ಬಾಯಿಮಾತಿನ ಭರವಸೆ ಫೀಸು ಕೌಂಟರಿನಲ್ಲಿ ನಡೆಯುವುದಿಲ್ಲ. ಪರೀಕ್ಷಾ ಶುಲ್ಕವನ್ನಂತೂ ತಡಮಾಡಬೇಡಿ.

ದುಡಿಯಲೇಬೇಕು ಅನಿಸಿದರೆ ಸಂಜೆ ಟ್ಯೂಷನ್ ಹೇಳಿ. ಮೊದಲ ವರ್ಷದ ಬಡ್ಡಿ ತಿಂಗಳಿಗೆ 900 ರೂಪಾಯಿ ಚಿಲ್ಲರೆ. ಅದನ್ನು ಆಗಾಗಲೇ ಕಟ್ಟಿದರೆ ಕೆಲವು ಬ್ಯಾಂಕು ದರದಲ್ಲಿ ಶೇ 1 ಬಿಡುತ್ತವೆ.

ಇನ್ನೊಂದು: ಬ್ಯಾಂಕಿನವರು ಅಪ್ಪನ ಸಿಬಿಲ್, ಅಂದರೆ ಹಿಂದಿನ ಸಾಲ ಸರಿಯಾಗಿ ಕಟ್ಟಿದ್ದಾರೆಯೇ ಎಂಬ ದಾಖಲೆ, ನೋಡುತ್ತಾರೆ. ಬೈಕಿನದ್ದೋ ಫ್ರಿಜ್ಜಿನದ್ದೋ ಇಎಂಐ ಇದ್ದರೆ ಅದು ತಪ್ಪುವ ಮೊದಲೇ ಅರ್ಜಿ ಹಾಕಿ.