17 ಗುರಿ, ಒಂದು ತೋಡು

ಪ್ರಶ್ನೆ: ವಿಶ್ವಸಂಸ್ಥೆಯ ಸುಸ್ಥಿರ ಅಭಿವೃದ್ಧಿ ಗುರಿಗಳನ್ನು ನಮ್ಮೂರ ಶಾಲೆಯ ಗೋಡೆ ಮೇಲೆ ಬರೆಸಿದ್ದಾರೆ. ಸಣ್ಣ ಕಾಫಿ ಬೆಳೆಗಾರರಿಗೆ ಇದರಿಂದ ಏನಾಗಬೇಕು?
– ಓದುಗರೊಬ್ಬರು, ಗೋಣಿಕೊಪ್ಪ

ಉತ್ತರ: ತುಂಬಾನೇ ಆಗಬೇಕು. 2015ರಲ್ಲಿ 193 ದೇಶಗಳು ಒಪ್ಪಿದ 17 ಗುರಿಗಳಿವು, ಗಡುವು 2030. ಗೋಡೆ ಮೇಲೆ ಬಡತನ, ನೀರು, ಆರೋಗ್ಯ, ಶಾಲೆ ಅಂತ ಬೇರೆ ಬೇರೆ ಚೌಕಗಳಿವೆ. ತೋಟದಲ್ಲಿ ಹಾಗಿಲ್ಲ.

ಪಲ್ಪಿಂಗ್ ನೀರನ್ನೇ ನೋಡಿ, ಅಂದರೆ ಕಾಫಿ ಹಣ್ಣಿನ ಸಿಪ್ಪೆ ಸುಲಿದು ಬೀಜ ತೊಳೆದ ನೀರು. ಹಣ್ಣಿನ ಲೋಳೆ ತುಂಬಿದ ಆ ನೀರನ್ನು ಹಾಗೇ ತೋಡಿಗೆ, ಅಂದರೆ ಪಕ್ಕದ ಸಣ್ಣ ಹಳ್ಳಕ್ಕೆ ಬಿಟ್ಟರೆ, ಅದು ಕೊಳೆಯುವಾಗ ನೀರಿನಲ್ಲಿರುವ ಆಮ್ಲಜನಕ ಕಡಿಮೆಯಾಗಿ ಮೀನು ಸಾಯುತ್ತವೆ, ಕೆಳಗಿನ ಲೈನ್ ಮನೆಯವರು (ತೋಟದ ಕೂಲಿಕಾರರು) ಪಾತ್ರೆ ತೊಳೆಯುವುದೂ ಅದೇ ನೀರಲ್ಲಿ, ಕೊನೆಗೆ ಅದು ಸೇರುವುದು ಕಾವೇರಿಗೇ ಅಲ್ವಾ. ಮಗುವಿಗೆ ಹೊಟ್ಟೆ ಕೆಟ್ಟರೆ ತಾಯಿಯ ಆ ದಿನದ ಕೂಲಿ ಹೋಯ್ತು, ಮಗುವಿನ ಶಾಲೆಯೂ ತಪ್ಪಿತು.

ಇದನ್ನು ಪಂಚಾಯಿತಿ ಒಂದೇ ಸರಿ ಮಾಡಲಾರದು. ನೀವೊಬ್ಬರೇ ಆ ನೀರಿಗೆ ಹೊಂಡ ತೋಡಿಸಿದರೂ ಸಾಲದು, ಪಕ್ಕದ ತೋಟದವರೂ ಸೇರಬೇಕು. ಸಣ್ಣ ಬೆಳೆಗಾರರು ಒಟ್ಟಾಗಿ ಒಂದೇ ಕಡೆ ಪಲ್ಪರ್ (ಸಿಪ್ಪೆ ಸುಲಿಯುವ ಯಂತ್ರ), ನೀರು ಶುದ್ಧಿ ಮಾಡುವ ಹೊಂಡ ಇಟ್ಟುಕೊಂಡರೆ ಖರ್ಚು ಹಂಚಿಹೋಗುತ್ತದೆ. ಬಿಸಿಲು ಚೆನ್ನಾಗಿದ್ದರೆ ಹಣ್ಣನ್ನೇ ಒಣಗಿಸಿ ಚೆರಿ ಮಾಡಿ, ಪಲ್ಪಿಂಗ್ ನೀರಿನ ತಂಟೆಯೇ ಇರದು. ಮುಂದಿನ ಗ್ರಾಮಸಭೆಗೆ ಲೈನ್ ಮನೆಯ ಹೆಂಗಸರನ್ನೂ ಕರೆಯಿರಿ. ತೋಡಿನ ನೀರು ಯಾವಾಗ ನಾರುತ್ತದೆ ಅಂತ ಅವರಿಗೇ ಜಾಸ್ತಿ ಗೊತ್ತಿರುತ್ತದೆ.